ಬಣ್ಣದ ಕಣ್ಣು

ಮಾರ್ಚ್ 3, ಭಾನುವಾರ

ಪ್ರೀತಿಯ ಅಕ್ಕನಿಗೆ,

ತುತ್ತೂರಿಯ ನಮಸ್ಕಾರ. ನಿನ್ನ ಎರಡು ಕಾಗದ ಬಂದು ಫ್ರಿಜ್ ಮೇಲೆ ಕೂತಿವೆ. ನೀರು ಕುಡಿಯಲು ಹೋದಾಗಲೆಲ್ಲ ನನ್ನನ್ನು ದುರುಗುಟ್ಟಿಕೊಂಡು ನೋಡುತ್ತವೆ. ಉತ್ತರ ಬರೆಯಲು ತಡವಾಯಿತು, ಒಪ್ಪಿಕೊಂಡೆ. ನೀನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿರುವುದು ಇಲ್ಲಿಗೇ ಕಾಣಿಸುತ್ತಿದೆ. ಕೈ ಇಳಿಸು, ಹೇಳುತ್ತೇನೆ.

"ಇಷ್ಟುದ್ದ ಕಾಗದ ಬರೆಯೋ ಬದಲು ವಿಡಿಯೋ ಕಾಲ್ ಮಾಡಿ ಮುಗಿಸಿ" ಎನ್ನುತ್ತಾಳೆ ನನ್ನ ಹೆಂಡತಿ, ನಿನ್ನ ನಾದಿನಿ. ಹೋದ ಸಲ ಮಾಡಿದ್ದು ನೆನಪಿದೆಯಲ್ಲ? ನಿನ್ನ ಕೈ ಅರ್ಧ ಪರದೆಯೊಳಗೆ, ಅರ್ಧ ಪರದೆಯಾಚೆ. ನಡುವೆ ಸಿಗ್ನಲ್ ಹೋಗಿ, ನೀನು ಕೈ ಎತ್ತಿದವಳು ಎತ್ತಿದ ಹಾಗೇ ನಿಂತುಬಿಟ್ಟೆ. ಹೊಡೆಯಲು ಬಂದೆಯೋ, ಊಟ ಆಯಿತಾ ಎಂದು ಕೇಳಿದೆಯೋ, ಇವತ್ತಿಗೂ ಗೊತ್ತಾಗಿಲ್ಲ. ಕಿವಿ ಕೇಳದ ಅಕ್ಕ ಇರುವವನಿಗೆ ಕಾಗದವೇ ಸರಿ. ಅದಕ್ಕೇ ತಾನೇ ನೀನು ನನ್ನ ಕಿವಿ ಹಿಂಡಿ ಅಕ್ಷರ ಕಲಿಸಿದ್ದು. ನಾಲ್ಕನೇ ಕ್ಲಾಸಿಗೆ ಶಾಲೆ ನನ್ನ ಕೈ ಬಿಟ್ಟರೂ ನೀನು ಬಿಡಲಿಲ್ಲ.

ಮೊನ್ನೆ ಗ್ಯಾರೇಜಿನಲ್ಲಿ ಕರೆಂಟು ಹೋಯಿತು. ಥಟ್ಟನೆ ನಿನ್ನ ನೆನಪಾಯಿತು. ಚಿಕ್ಕವರಿದ್ದಾಗ ಕೈಯಲ್ಲೇ ಎಷ್ಟು ಜಗಳ ಆಡುತ್ತಿದ್ದೆವು. ಬೆರಳಿನ ವೇಗದಲ್ಲಿ ನಿನ್ನನ್ನು ಗೆಲ್ಲುವುದು ಆಗದ ಮಾತು. ಆದರೆ ಕರೆಂಟು ಹೋದರೆ ನಾನು ಗೆದ್ದ ಹಾಗೆ. ಕತ್ತಲಲ್ಲಿ ನೀನು ಏನು ಬೈದರೂ ನನಗೆ ಕಾಣುವುದಿಲ್ಲವಲ್ಲ. ದೀಪ ಬಂದಾಗ ನೋಡಿದರೆ ನಿನ್ನ ಕೈ ಇನ್ನೂ ಗಾಳಿಯಲ್ಲಿ ಜಗಳ ಆಡುತ್ತಲೇ ಇರುತ್ತಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಈಗ ನನ್ನ ಸುದ್ದಿ. ಮೂಗು ಹಾಗೇ ಇದೆ, ಕಟ್ಟಿದ ಚರಂಡಿ. ಬೆಳಿಗ್ಗೆ ನಾನು ಮೂಗು ಸೀಟಿದರೆ ಪಕ್ಕದ ಮನೆಯವರು ಎದ್ದು ಹಾಲು ಕಾಯಿಸಲು ಇಡುತ್ತಾರೆ, ಅಲಾರಂ ಕೊಳ್ಳುವ ಖರ್ಚು ಅವರಿಗೆ ಉಳಿದಿದೆ. ಜಗತ್ತಿನಲ್ಲಿ ಈ ತುತ್ತೂರಿಯ ಬಗ್ಗೆ ದೂರು ಹೇಳದವಳು ನೀನೊಬ್ಬಳೇ. ಡಾಕ್ಟರರ ಭಾಷೆಯಲ್ಲಿ ಇದಕ್ಕೆ ಸೈನಸ್ ಅಂತೆ. ಥಿನ್ನರ್ ವಾಸನೆ, ಪುಟ್ಟಿ ಉಜ್ಜಿದ ಧೂಳು, ಸ್ಪ್ರೇ ಗನ್ನಿನ ಮಂಜು, ಎಲ್ಲಾ ಕುಡಿದು ಕುಡಿದು ಮೂಗಿನೊಳಗೆ ಒಂದು ಬಣ್ಣದ ಅಂಗಡಿಯೇ ಆಗಿರಬೇಕು. ವಾಸನೆ ಹೋಗಿ ಎಷ್ಟೋ ವರ್ಷ ಆಯಿತು. ನಿನ್ನ ನಾದಿನಿ ಅಡುಗೆ ಸೀದಾಗ ನನಗೇ ಮೊದಲು ಬಡಿಸುತ್ತಾಳೆ.

ಇದೆಲ್ಲ ಹಳೆಯದು. ಹೊಸದೆಂದರೆ, ಒಂದು ಕೆಂಪು ಕಾರಿನ ಕಥೆ.

ನಮ್ಮ ಗ್ಯಾರೇಜಿಗೆ ಒಬ್ಬ ಹಲ್ಲಿನ ಡಾಕ್ಟರು ಬರುತ್ತಾರೆ. ಅವರ ಕೆಂಪು ಕಾರಿನ ಬಾಗಿಲಿಗೆ ಯಾರೋ ಗುದ್ದಿದ್ದರು. ನಮ್ಮ ಡೆಂಟಿಂಗ್‌ನವನು, ಅದೇ, ನಾವೆಲ್ಲ ಸುತ್ತಿಗೆ ಎಂದು ಕರೆಯುವವನು, ತಗಡು ಬಡಿದು ನೆಟ್ಟಗೆ ಮಾಡಿ ಕೊಟ್ಟ. ಬಣ್ಣ ಹೊಂದಿಸುವುದು ನನ್ನ ಪಾಲು. ನಾನು ಬಣ್ಣ ನೋಡುವ ರೀತಿ ನಿನಗೆ ಗೊತ್ತಲ್ಲ, ನೋಡಿ ನೋಡಿ ಅಣಕಿಸಿದ್ದೀಯ. ಬಲಗಣ್ಣು ಮುಚ್ಚಿ, ಎಡಗಣ್ಣು ಕಿರಿದು ಮಾಡಿ. ಕೆಲಸ ಕಲಿಸಿದ ಮೇಸ್ತ್ರಿ ಹಾಗೇ ಕಲಿಸಿದ್ದು: "ಎರಡು ಕಣ್ಣಲ್ಲಿ ನೋಡಿದ್ರೆ ಅವು ಒಂದಕ್ಕೊಂದು ಜಗಳ ಆಡ್ತವೆ. ಒಂದನ್ನ ಬಣ್ಣಕ್ಕೆ ಅಂತ ಇಟ್ಕೋ." ಅವತ್ತಿನಿಂದ ಎಡಗಣ್ಣು ಬಣ್ಣದ ಕಣ್ಣು. ಬಲಗಣ್ಣು ಬಸ್ ನಂಬರ್ ಓದುವುದಕ್ಕೆ, ಸೊಳ್ಳೆ ಹುಡುಕುವುದಕ್ಕೆ, ಮಿಕ್ಕಿದ್ದಕ್ಕೆಲ್ಲ.

ಈ ಚಳಿಗಾಲದಿಂದ ಬಣ್ಣ ಮಾತು ಕೇಳುತ್ತಿರಲಿಲ್ಲ. ಒಂದು ಹಸಿರು ಜೀಪು ವಾಪಸ್ ಬಂತು. ಆಮೇಲೆ ಒಂದು ಸ್ಕೂಟರು. ನಾನು ಬಣ್ಣದ ಡಬ್ಬಿ ಬದಲಾಯಿಸಿದೆ, ಥಿನ್ನರ್ ಬದಲಾಯಿಸಿದೆ, ಟ್ಯೂಬ್‌ಲೈಟ್ ಬದಲಾಯಿಸಿದೆ, ಬಣ್ಣದ ಅಂಗಡಿಯವನ ಜೊತೆ ಮಾತು ಬಿಟ್ಟೆ. ಕಣ್ಣನ್ನು ಅನುಮಾನಿಸುವುದು ಹೊಳೆಯಲೇ ಇಲ್ಲ. ಎರಡೂ ಕಣ್ಣು ಬಿಟ್ಟು ಓಡಾಡುವಾಗ ಎಲ್ಲ ಸರಿಯಾಗಿಯೇ ಇತ್ತು.

ನಿನ್ನೆ ಹಲ್ಲಿನ ಡಾಕ್ಟರು ಕಾರು ತೆಗೆದುಕೊಳ್ಳಲು ಬಂದವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಿಂತರು.

"ಏನ್ರೀ, ಬೇರೆ ಕಾರಿನ ಬಾಗಿಲು ಹಾಕಿಬಿಟ್ಟಿದ್ದೀರಾ?"

"ಇಲ್ಲ ಸಾರ್, ನಿಮ್ಮದೇ."

"ಮತ್ತೆ ಕಾರಿಗಿಲ್ಲದ ಕೋಪ ಬಾಗಿಲಿಗೆ ಯಾಕೆ ಬಂದಿದೆ?"

ನಾನು ಬಲಗಣ್ಣು ಮುಚ್ಚಿ ನೋಡಿದೆ. "ಎರಡೂ ಒಂದೇ ಇದೆ ಸಾರ್."

ಸುತ್ತಿಗೆ ಪಕ್ಕಕ್ಕೆ ಬಂದು ಮೊಣಕೈಯಲ್ಲಿ ತಿವಿದ. "ಲೇ ತುತ್ತೂರಿ, ಬಿಸಿಲಿಗೆ ತಂದ ಮೇಲೆ ನೋಡು, ಬಾಗಿಲು ಬೀಟ್‌ರೂಟ್ ಥರ ಇದೆ ಕಣೋ."

ನಾನು ನಕ್ಕೆ. ಡಾಕ್ಟರು ನಗಲಿಲ್ಲ. "ಈಗ ಆ ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನೋಡಿ" ಎಂದರು.

"ಅದು ಬಣ್ಣದ ಕಣ್ಣಲ್ಲ ಸಾರ್, ಅದು ಬಸ್ ನಂಬರ್ ಓದೋ ಕಣ್ಣು."

"ಪರವಾಗಿಲ್ಲ, ನೋಡಿ."

ನೋಡಿದೆ ಅಕ್ಕ. ಬೀಟ್‌ರೂಟೇ. ಕಾರು ಒಂದು ಕಡೆ, ಬಾಗಿಲು ಒಂದು ಕಡೆ. ಮತ್ತೆ ಎಡಗಣ್ಣಲ್ಲಿ ನೋಡಿದೆ. ಕಾರೂ ಬಾಗಿಲೂ ಎರಡೂ ಹಳೇ ಇಟ್ಟಿಗೆಯ ಹಾಗೆ, ಯಾರೋ ಮೇಲೆ ಚಹಾ ಚೆಲ್ಲಿ ಒರೆಸಿದ ಹಾಗೆ. ಅದು, ಇದು, ಅದು, ಇದು. ಕಣ್ಣು ಮುಚ್ಚಿ ತೆಗೆಯುವುದನ್ನು ಸುತ್ತಿಗೆ ನೋಡುತ್ತಾ ನಿಂತ.

"ನಾನೂ ದಿನಾ ಹಲ್ಲಿಗೆ ಹಲ್ಲಿನ ಬಣ್ಣ ಹೊಂದಿಸೋನೇ" ಎಂದರು ಡಾಕ್ಟರು. "ಮೇಲಿನ ಹಲ್ಲು ಭಾರ ಅನಿಸುತ್ತಾ? ಕಣ್ಣಿನ ಹಿಂದೆ ನೋವು?"

"ಭಾರ ಇಲ್ಲದ ದಿನ ಯಾವುದು ಸಾರ್."

"ಇವತ್ತೇ ಕಣ್ಣು ತೋರಿಸಿ. ಬಾಗಿಲು ಕಾಯುತ್ತೆ."

ತೋರಿಸಿದೆ. ಕಣ್ಣಿನ ಡಾಕ್ಟರು ಕಣ್ಣೊಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿ, ಕಣ್ಣಿನಲ್ಲಿ ತೊಂದರೆ ಇಲ್ಲ, ಅದರ ಹಿಂದೆ ಇದೆ, ಸೋಮವಾರ ಬೆಳಿಗ್ಗೆಯೇ ಮೂಗಿನ ಡಾಕ್ಟರ ಹತ್ತಿರ ಹೋಗು ಎಂದು ಚೀಟಿ ಬರೆದರು. ನಾಳೆ ಹೋಗುತ್ತೇನೆ. ನೀನು ಗಾಬರಿಯಾಗಿ ಬಸ್ಸು ಹತ್ತಬೇಡ. ಬೈಂಡಿಂಗ್ ಅಂಗಡಿಯಲ್ಲಿ ಶಾಲಾ ಪುಸ್ತಕದ ಕೆಲಸ ಬಿದ್ದಿದೆ ಎಂದು ನೀನೇ ಬರೆದಿದ್ದೀಯ. ಕೆಲಸದ ಹೊತ್ತಿನಲ್ಲಿ ಹರಟದವಳು ಎಂದು ಯಜಮಾನ ನಿನ್ನೊಬ್ಬಳನ್ನೇ ಹೊಗಳುತ್ತಾನಂತೆ, ಆ ಹೆಸರು ಕೆಡಿಸಿಕೊಳ್ಳಬೇಡ.

ನಿನ್ನ ತಮ್ಮ,
ತುತ್ತೂರಿ

ತಾ.ಕ. ಕ್ಯಾಲೆಂಡರಿನಲ್ಲಿ ಭಾನುವಾರ ಕೆಂಪಗೆ ಇರುತ್ತಲ್ಲ. ನನ್ನ ಎಡಗಣ್ಣಿಗೆ ಈಗ ಭಾನುವಾರವೇ ಇಲ್ಲ, ವಾರವಿಡೀ ಕೆಲಸದ ದಿನ. ನಮ್ಮ ಗ್ಯಾರೇಜಿನ ಯಜಮಾನನಿಗೆ ಹೇಳಿಬಿಡಬೇಡ.

*

ಮಾರ್ಚ್ 7, ಗುರುವಾರ

ಪ್ರೀತಿಯ ಅಕ್ಕ,

ನೀನು ಕಳಿಸಿದ ಮೆಸೇಜನ್ನು ನಿನ್ನ ನಾದಿನಿ ಓದಿ ಹೇಳಿದಳು. "ಬರಲಾ" ಎಂಬ ಒಂದೇ ಮಾತನ್ನು ಎಷ್ಟು ಸಲ ಕಳಿಸುತ್ತೀಯ ಮಾರಾಯ್ತಿ. ಬೇಡ. ಕಾರಣ ಹೇಳುತ್ತೇನೆ, ಪೂರ್ತಿ ಓದು.

ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಗೆರೆ ಬಿಟ್ಟು ಇಳಿದಿದ್ದರೆ ಮಂಚದ ತಪ್ಪು, ಅದು ಒಂದು ಕಡೆ ವಾಲಿದೆ. ಪಕ್ಕದ ಮಂಚದವರು ಕಿವಿಯ ಆಪರೇಷನ್ ಆದವರು, ತಲೆಗೆಲ್ಲ ಬ್ಯಾಂಡೇಜು. ನಾನು ಏನೇ ಜೋಕು ಹೇಳಿದರೂ "ಆಂ?" ಎನ್ನುತ್ತಾರೆ. ಜನ್ಮವಿಡೀ ನಗಿಸಿಕೊಂಡು ಬಂದವನಿಗೆ ಎಂಥ ಜೊತೆ ಸಿಕ್ಕಿತು ನೋಡು.

ಮೂಗಿನ ಡಾಕ್ಟರು ಹೆಂಗಸು, ಕಡಿಮೆ ಮಾತು. ಮೂಗಿನೊಳಗೆ ಕ್ಯಾಮೆರಾ ಇರುವ ಒಂದು ಕಡ್ಡಿ ಹಾಕಿ ನೋಡಿದರು. "ನನ್ನ ಮನೆಗೆ ಬಂದ ಮೊದಲ ಅತಿಥಿ ನೀವು, ಗುಡಿಸಿ ಇಟ್ಟಿಲ್ಲ, ಕ್ಷಮಿಸಿ" ಎಂದೆ. "ಬಾಯಲ್ಲಿ ಉಸಿರಾಡಿ" ಎಂದರು. ಅಷ್ಟೇ.

ಆಮೇಲೆ ಮೇಜಿನ ಮೇಲಿದ್ದ ಔಷಧದ ಬಾಟಲಿಯ ಕೆಂಪು ಮುಚ್ಚಳ ಹಿಡಿದು, ಒಂದೊಂದೇ ಕಣ್ಣಿಗೆ ತೋರಿಸಿದರು.

"ಈ ಕಣ್ಣಲ್ಲಿ ಎಷ್ಟು ಕೆಂಪು?"

"ಪೂರ್ತಿ ಕೆಂಪು."

"ಈಗ ಇದರಲ್ಲಿ?"

"ಮುಚ್ಚಳ ಇದೆಯಾ ಡಾಕ್ಟ್ರೇ?"

ತಮಾಷೆಗೇ ಹೇಳಿದ್ದು. ಆದರೆ ಮುಚ್ಚಳ ಇರುವುದು ನಿಜಕ್ಕೂ ಸರಿಯಾಗಿ ಕಾಣುತ್ತಿರಲಿಲ್ಲ. ಭಾನುವಾರ ಚಹಾ ಚೆಲ್ಲಿದ ಹಾಗಿದ್ದದ್ದು, ಮೊನ್ನೆ ಪುಟ್ಟಿ ಬಳಿದ ಹಾಗಾಯಿತು. ಇವತ್ತು ಬರೀ ಪ್ರೈಮರ್, ಬೂದಿ. ನಡುವೆ ಏನೂ ಇಲ್ಲ, ಅಂಚಿನಲ್ಲಿ ಮಾತ್ರ ಒಂದಿಷ್ಟು ಬೆಳಕು ಓಡಾಡುತ್ತದೆ.

ತಲೆಯ ಸ್ಕ್ಯಾನ್ ತೆಗೆದು, ಇವತ್ತು ಬೆಳಿಗ್ಗೆ ದೀಪದ ಹಲಗೆಗೆ ಸಿಕ್ಕಿಸಿ ತೋರಿಸಿದರು. ನನಗೆ ಅರ್ಥವಾದದ್ದು ಹೇಳುತ್ತೇನೆ. ಮೂಗಿನ ಹಿಂದೆ, ತಲೆಯ ನಟ್ಟನಡುವೆ, ಎಲ್ಲರಿಗೂ ಒಂದು ಖಾಲಿ ಕೋಣೆ ಇರುತ್ತದಂತೆ. ನನ್ನದರ ಬಾಗಿಲು ಕಟ್ಟಿಕೊಂಡು ಒಳಗೆ ವರ್ಷಗಟ್ಟಲೆ ಕೊಳೆ ತುಂಬಿ ಉಬ್ಬಿದೆ. ಆ ಕೋಣೆಯ ಗೋಡೆಗೆ ಒರಗಿಕೊಂಡೇ ಕಣ್ಣಿನ ನರ ಹೋಗುತ್ತದೆ. ಗೋಡೆ ಸವೆದು ಕಾಗದದಷ್ಟಾಗಿದೆ. ಕೊಳೆ ನರವನ್ನು ಅಮುಕುತ್ತಿದೆ.

"ಕಾರಿನ ಬಾಗಿಲೊಳಗೆ ತುಕ್ಕು ಹಿಡಿದ ಹಾಗೆ" ಎಂದೆ. "ಹೊರಗೆ ಬಣ್ಣದಲ್ಲಿ ಗುಳ್ಳೆ ಕಾಣೋ ಹೊತ್ತಿಗೆ ಒಳಗೆ ತಗಡೇ ಇರಲ್ಲ."

ಆಗ ಮೊದಲ ಸಲ ನನ್ನ ಮುಖ ನೋಡಿದರು. "ಹೂಂ. ಹಾಗೇ. ಬಣ್ಣ ಯಾವಾಗಿಂದ ಕೆಟ್ಟಿತ್ತು?"

ಹಸಿರು ಜೀಪಿನಿಂದ ಎಂದೆ. ಜೀಪು ಬಂದದ್ದು ಯಾವಾಗ ಎಂದರು. ಸ್ವೆಟರ್ ಹಾಕಿಕೊಂಡಿದ್ದೆ ಎಂದೆ. ಅವರು ಕೆಂಪು ಮುಚ್ಚಳವನ್ನು ಬಾಟಲಿಗೆ ಹಾಕಿ ತಿರುಗಿಸಿದರು. ಮುಚ್ಚಿ ಆದ ಮೇಲೂ ತಿರುಗಿಸುತ್ತಲೇ ಇದ್ದರು.

"ನಾಳೆ ಬೆಳಿಗ್ಗೆ ಮೊದಲನೇ ಆಪರೇಷನ್ ನಿಮ್ಮದು. ಮೂಗಿನ ಒಳಗಿಂದಲೇ ಹೋಗಿ ಆ ಕೋಣೆ ತೆರೀತೀವಿ."

"ಕಣ್ಣು ವಾಪಸ್ ಬರುತ್ತಾ?"

"ಮಾತು ಕೊಡಲ್ಲ. ನರ ಬಹಳ ದಿನ ಒತ್ತಿಸಿಕೊಂಡಿದೆ. ಬಲಗಣ್ಣಿನ ನರ ಅದೇ ಕೋಣೆಯ ಇನ್ನೊಂದು ಗೋಡೆಯಲ್ಲಿದೆ. ನಾಳೆ ಮಾಡ್ತಿರೋದು ಮುಖ್ಯವಾಗಿ ಅದನ್ನ ಉಳಿಸೋಕೆ."

ಅಕ್ಕ, ನಾನು ಎಡಗಣ್ಣಿನ ಲೆಕ್ಕಾಚಾರದಲ್ಲಿದ್ದೆ. ಬಲಗಣ್ಣಿನ ಸುದ್ದಿ ಬರುತ್ತದೆ ಎಂದುಕೊಂಡಿರಲಿಲ್ಲ. ನಾಲಿಗೆಯ ತುದಿಯಲ್ಲಿ ಒಂದು ಜೋಕು ಇತ್ತು, ಒಂದೇ ಗೋಡೆ ಹಂಚಿಕೊಂಡ ಅಕ್ಕಪಕ್ಕದ ಮನೆಯವರದ್ದು. ಹೊರಗೆ ಬರಲಿಲ್ಲ.

ನಿನ್ನ ನಾದಿನಿ ಪಕ್ಕದಲ್ಲೇ ಚೀಲ ಅಪ್ಪಿಕೊಂಡು ಕೂತಿದ್ದಳು. ಅಳುತ್ತಾಳೆ ಎಂದುಕೊಂಡೆ. ಅವಳು, "ಊಟ ಎಷ್ಟು ಗಂಟೆಗೆ ನಿಲ್ಲಿಸಬೇಕು ಡಾಕ್ಟ್ರೇ?" ಎಂದಳು. ಆಪರೇಷನ್‌ಗೆ ಮುಂಚೆ ಕೇಳಬೇಕಾದ ಪ್ರಶ್ನೆಯೇ. ಆದರೆ ಕೋಣೆಯ ಹೊರಗೆ ಬಂದ ಮೇಲೆ ಎಡವಿದ್ದು ಅವಳು, ನಾನಲ್ಲ.

ಇವತ್ತು ಮಧ್ಯಾಹ್ನದ ಒಂದು ಮಾತು ಹೇಳಬೇಕು. ವಾರ್ಡಿನಲ್ಲಿ ಕೂತು ಬೇಜಾರಾಗುತ್ತಿತ್ತು. ಇದ್ದಕ್ಕಿದ್ದ ಹಾಗೆ ಕೇಳಿದಳು: "ನಿಮ್ಮಕ್ಕ ಕೈಯಲ್ಲಿ ಊಟಕ್ಕೆ ಹೇಗೆ ಮಾಡ್ತಾರೆ?"

ತೋರಿಸಿದೆ.

"ನೀರಿಗೆ?"

ತೋರಿಸಿದೆ.

"ನಿಮ್ಮನ್ನ ಕರೆಯೋದಕ್ಕೆ?"

ಮೂಗು ಹಿಡಿದು ಎಳೆದು ತೋರಿಸಿದೆ. ನನ್ನ ಹೆಸರು ಅದೇ ಎಂದರೆ ನಗಲೇ ಇಲ್ಲ, ಪರೀಕ್ಷೆಗೆ ಓದುವವಳ ಹಾಗೆ ತಾನೂ ಮೂಗು ಎಳೆದುಕೊಂಡಳು. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎಂದು ರೇಗಿಸಿದೆ. "ಸುಮ್ನೆ" ಎಂದಳು. "ಅಕ್ಕ ಬಂದ್ರೆ ನಾನೂ ಎರಡು ಮಾತಾಡಬೇಡ್ವಾ?" ಎಂದಳು.

ಸುಮ್ಮನೆ ಅಲ್ಲ ಎಂದು ನನಗೂ ಗೊತ್ತು, ನನಗೆ ಗೊತ್ತಾಯಿತೆಂದು ಅವಳಿಗೂ ಗೊತ್ತು. ಇಬ್ಬರೂ ಕಿಟಕಿಯ ಕಡೆ ನೋಡುತ್ತಾ ಕೂತೆವು. ಹೊರಗೆ ಒಬ್ಬಳು ಹಸಿರು ಬೆಡ್‌ಶೀಟು ಒಣಹಾಕುತ್ತಿದ್ದಳು. ಹಸಿರು ಎಂದು ಬಲಗಣ್ಣು ಹೇಳಿತು. ಗಟ್ಟಿಯಾಗಿ, ಗಿಣಿಯ ಹಾಗೆ, "ಹಸಿರು" ಎಂದೆ. "ಹೌದು, ಹಸಿರು" ಎಂದಳು. ಅಷ್ಟಕ್ಕೇ ಇಬ್ಬರಿಗೂ ಸಮಾಧಾನ.

ಬರಬೇಡ ಎಂದದ್ದಕ್ಕೆ ಕಾರಣ ಇಷ್ಟೇ: ಇಲ್ಲಿ ರೋಗಿಯ ಜೊತೆ ಒಬ್ಬರೇ ಇರಬೇಕು, ಕೂರಲು ಒಂದೇ ಸ್ಟೂಲು, ಅದಕ್ಕೂ ಒಂದು ಕಾಲು ಗಿಡ್ಡ. ನೀನು ಬಂದು ನಿಂತರೆ ನಿನ್ನ ಕಾಲು ನೋವಿನ ಚಿಂತೆ ನನಗೆ ಹತ್ತುತ್ತದೆ. ಆಪರೇಷನ್ ಆದ ತಕ್ಷಣ ಮೆಸೇಜು ಬರುತ್ತದೆ. ನೀನು ಪುಸ್ತಕ ಹೊಲಿ. ದಾರ ಎಳೆಯುವಾಗಲೆಲ್ಲ ನನ್ನ ಮೂಗಿನ ಹೆಸರು ಹೇಳಿಕೊಂಡು ಎಳೆ, ಅಷ್ಟು ಸಾಕು.

ನಿನ್ನ ತಮ್ಮ,
ತುತ್ತೂರಿ (ನಾಳೆಯಿಂದ ಸದ್ದಿಲ್ಲದ ತುತ್ತೂರಿ)

ತಾ.ಕ. ಮೂಗು ಎಳೆಯುವ ನನ್ನ ಹೆಸರನ್ನು ಒಂದು ವಾರ ಮೆಲ್ಲಗೆ ಎಳೆ. ಒಳಗೆ ಗಾಯ ಇರುತ್ತದೆ.

*

ಏಪ್ರಿಲ್ 27, ಶನಿವಾರ

ಪ್ರೀತಿಯ ಅಕ್ಕ,

ಈ ಸಲದ ತಡಕ್ಕೆ ನನ್ನ ಹತ್ತಿರ ಡಾಕ್ಟರ ಚೀಟಿ ಇದೆ: ಬಗ್ಗಬಾರದು, ಭಾರ ಎತ್ತಬಾರದು, ಮೂಗು ಸೀಟಬಾರದು. ಕಾಗದ ಬರೆಯಬಾರದು ಎಂದು ಇರಲಿಲ್ಲ, ಅದು ನಾನೇ ಸೇರಿಸಿಕೊಂಡದ್ದು. ಮೆಸೇಜಿನಲ್ಲಿ ನಿನ್ನ ನಾದಿನಿ "ಚೆನ್ನಾಗಿದ್ದಾರೆ" ಎಂದು ಬರೆದು ಬರೆದು ಅವಳ ಬೆರಳು ಸವೆದಿದೆ. ಚೆನ್ನಾಗಿದ್ದಾರೆ ಎಂದರೆ ಏನು, ಕಾಗದದಲ್ಲಿ ಬಿಡಿಸಿ ಹೇಳು ಎಂದು ನೀನು ಕೇಳಿದ್ದೀಯ. ಹೇಳುತ್ತೇನೆ.

ಉಸಿರಾಟ ಭರ್ಜರಿ. ಮೂಗಿನಲ್ಲಿ ಗಾಳಿ ಇಷ್ಟು ಸಲೀಸಾಗಿ ಓಡಾಡುವುದು ನನಗೆ ಗೊತ್ತೇ ಇರಲಿಲ್ಲ. ಪಕ್ಕದ ಮನೆಯವರು ಬೆಳಿಗ್ಗೆ ಏಳದೆ ತಡವಾಗಿ ಕೆಲಸಕ್ಕೆ ಓಡುತ್ತಿದ್ದಾರೆ. ವಾಸನೆ ಕೂಡ ಸ್ವಲ್ಪ ಬಂದಿದೆ. ಮೊನ್ನೆ ಸಾಬೂನಿನ ವಾಸನೆ ಬಂತೆಂದು ಸ್ನಾನದ ಮನೆಯಿಂದಲೇ ಕೂಗಿಕೊಂಡೆ. ನಿನ್ನ ನಾದಿನಿ ನಾನು ಜಾರಿ ಬಿದ್ದೆ ಎಂದು ಬಾಗಿಲು ಒಡೆಯಲು ಬಂದಳು.

ಎಡಗಣ್ಣು ಹೋಯಿತು ಅಕ್ಕ. ಒಂದೇ ಸಾಲಿನಲ್ಲಿ ಹೇಳಿಬಿಡಬೇಕು ಅಂತಿದ್ದೆ, ಹೇಳಿದೆ. ಬೆಳಕು ಇದೆಯಾ ಇಲ್ಲವಾ ಅಷ್ಟು ಮಾತ್ರ ಗೊತ್ತಾಗುತ್ತದೆ. ಎದುರಿಗೆ ಕೈ ಆಡಿಸಿದರೆ ನೆರಳು ಹಾದ ಹಾಗೆ. ಡಾಕ್ಟರು ಕೊಳೆ ಪೂರ್ತಿ ತೆಗೆದಿದ್ದಾರೆ, ನರ ಮಾತ್ರ ಮತ್ತೆ ಏಳಲಿಲ್ಲ. "ಆ ಜೀಪು ಬಂದಾಗಲೇ ನೀವು ಬಂದಿದ್ರೆ..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ನಾನು, "ಜೀಪಿನವನೂ ಕಣ್ಣು ತೋರಿಸ್ಕೋ ಅಂತಲೇ ಹೇಳಿದ್ದ ಡಾಕ್ಟ್ರೇ, ಆದರೆ ಅವನು ಬೈದು ಹೇಳಿದ" ಎಂದೆ. ಅವರು ನಕ್ಕರು. ಆ ಹೆಂಗಸನ್ನು ನಗಿಸಲು ನನಗೆ ಒಂದು ಕಣ್ಣು ಖರ್ಚಾಯಿತು.

ಒಂಟಿ ಕಣ್ಣಿನ ಸಂಸಾರ ಹೀಗಿದೆ. ಚಹಾ ಸುರಿದರೆ ಲೋಟದ ಪಕ್ಕಕ್ಕೆ ಬೀಳುತ್ತದೆ. ಮೆಟ್ಟಿಲು ಇಲ್ಲದ ಕಡೆ ಕಾಲು ಎತ್ತಿ ಇಡುತ್ತೇನೆ, ಇರುವ ಕಡೆ ಮರೆಯುತ್ತೇನೆ. ಎಡಗಡೆಯಿಂದ ಯಾರೇ ಬಂದರೂ ದೆವ್ವ ಬಂದ ಹಾಗೆ ಬೆಚ್ಚುತ್ತೇನೆ. ಗ್ಯಾರೇಜಿಗೆ ಹೋದ ವಾರದಿಂದ ಹೋಗುತ್ತಿದ್ದೇನೆ. ಮುಖಕ್ಕೆ ದೊಡ್ಡ ಮಾಸ್ಕು, ಬಣ್ಣ ಹೊಡೆಯುವ ಕೋಣೆಗೆ ಕಾಲಿಡುವ ಹಾಗಿಲ್ಲ, ಹೊರಗೆ ಕೂತು ಶೇಡ್ ಹೊಂದಿಸಿ ಕೊಡುವುದಷ್ಟೇ. ಸುತ್ತಿಗೆ ನನ್ನ ಎಡಗಡೆಯಿಂದ ಬರುವಾಗಲೆಲ್ಲ ಕೆಮ್ಮುತ್ತಾ ಬರುತ್ತಾನೆ. ಒಂದು ದಿನ ಅವನಿಗೆ ನಿಜವಾಗಿ ಕೆಮ್ಮು ಬಂದು ನಿಲ್ಲಲೇ ಇಲ್ಲ. ನಾನು ನಾಲ್ಕು ಸಲ ತಿರುಗಿ ನೋಡಿದೆ. "ಇದು ನಿನಗಲ್ಲ ಕಣೋ, ನನಗೇ" ಎಂದ.

ಬಲಗಣ್ಣಿಗೆ ಈಗ ಬಡ್ತಿ ಸಿಕ್ಕಿದೆ, ಅದೇ ಬಣ್ಣದ ಕಣ್ಣು. ಹಲ್ಲಿನ ಡಾಕ್ಟರ ಬಾಗಿಲು ಕಾಯುತ್ತಲೇ ಇತ್ತಲ್ಲ, ಅದನ್ನೇ ಮೊದಲು ಹೊಂದಿಸಿದೆ. ಅವರು ಬಿಸಿಲಿನಲ್ಲಿ ನಿಂತು ಮೇಲಿಂದ ನೋಡಿದರು, ಕೆಳಗಿಂದ ನೋಡಿದರು, ರೋಗಿಯ ಹಲ್ಲು ನೋಡುವ ಹಾಗೆ ತಾವೇ ಬಾಯಿ ತೆರೆದುಕೊಂಡು ನೋಡಿದರು. "ಬಾಗಿಲಿನ ಕೋಪ ಇಳಿದಿದೆ" ಎಂದರು. ಆಮೇಲೆ, ಏನಾದರೂ ಬೇಕಾದರೆ ಯಾವ ಹೊತ್ತಿಗಾದರೂ ಫೋನ್ ಮಾಡಿ ಎಂದು ನಂಬರ್ ಕೊಟ್ಟು ಹೋದರು. ಅವತ್ತು ಸಂಜೆ ಸುತ್ತಿಗೆ ಎಲ್ಲರಿಗೂ ಚಹಾ ಕೊಡಿಸಿದ. ಅವನು ಜೇಬಿಗೆ ಕೈ ಹಾಕಿದ್ದನ್ನು ನೋಡಲಿಕ್ಕಾದರೂ ಒಂದು ಕಣ್ಣು ಉಳಿಯಿತಲ್ಲ.

ಮೂಗಿನ ಡಾಕ್ಟರು ಒಂದು ಎಚ್ಚರಿಕೆ ಕೊಟ್ಟಿದ್ದಾರೆ. ಬಲಗಡೆಯ ಗೋಡೆಯೂ ತೆಳ್ಳಗಿದೆ, ಕೊಳೆ ಮತ್ತೆ ಕಟ್ಟುವ ಜಾತಿಯದು. ಬಣ್ಣ ಸ್ವಲ್ಪ ಮಾಸಿದ ಹಾಗೆ ಅನಿಸಿದರೂ ಸಾಕು, ನಾಳೆ ಅನ್ನದೆ ಆ ಗಳಿಗೆಯೇ ಬನ್ನಿ ಎಂದಿದ್ದಾರೆ. ಅದಕ್ಕೆ ನಿನ್ನ ನಾದಿನಿ ಟೀಚರಾಗಿದ್ದಾಳೆ. ದಿನಾ ಬೆಳಿಗ್ಗೆ ನನ್ನನ್ನು ಎಬ್ಬಿಸಿ ಕ್ಯಾಲೆಂಡರಿನ ಮುಂದೆ ನಿಲ್ಲಿಸಿ, ಅಂಕಿ ಮುಟ್ಟಿ, "ಇದು ಯಾವ ಬಣ್ಣ? ಇದು?" ಎಂದು ಕೇಳುತ್ತಾಳೆ. ಶಾಲೆಯಲ್ಲಿ ತಪ್ಪಿಸಿಕೊಂಡದ್ದೆಲ್ಲ ಈಗ ಬಡ್ಡಿ ಸಮೇತ ಕಟ್ಟಿಸಿಕೊಳ್ಳುತ್ತಿದ್ದಾಳೆ. ಇವತ್ತಿನವರೆಗೆ ಫೇಲಾಗಿಲ್ಲ.

ನಿನ್ನ ಕೈಮಾತನ್ನೂ ಅವಳು ಬಿಟ್ಟಿಲ್ಲ. ನಾನು ಕಲಿಸುತ್ತೇನೆ, ಅವಳು ಕೆಡಿಸುತ್ತಾಳೆ. ಮೊನ್ನೆ "ಅಕ್ಕ, ಊಟಕ್ಕೆ ಬನ್ನಿ" ಎಂದು ಮಾಡಲು ಹೋಗಿ "ಅಕ್ಕ, ನಿಮ್ಮನ್ನ ತಿನ್ನುತ್ತೇನೆ" ಎಂದು ಮಾಡಿದಳು. ಬಂದಾಗ ಹುಷಾರಾಗಿರು.

ಬಂದಾಗ ಎಂದೆ, ಈಗಲೇ ಎಂದಲ್ಲ. ಶಾಲಾ ಪುಸ್ತಕದ ಕೆಲಸ ಮುಗಿಯಲಿ, ಬಿಸಿಲು ಇಳಿಯಲಿ. ನಾನು ಎಲ್ಲಿಗೂ ಓಡಿ ಹೋಗುವುದಿಲ್ಲ, ಓಡಿದರೆ ಎಡಗಡೆಯ ಕಂಬಕ್ಕೆ ಗುದ್ದುತ್ತೇನೆ. ಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗು. ಸೂಜಿ ಹಿಡಿದಾಗ ಕನ್ನಡಕ ಹಾಕಿಕೋ, ಕಣ್ಣಿನ ವಿಷಯದಲ್ಲಿ ನಮ್ಮ ಮನೆತನಕ್ಕೆ ಒಬ್ಬ ಪೆದ್ದ ಸಾಕು. ಹರಸುವುದು ದೊಡ್ಡವರ ಕೆಲಸ, ಆದರೂ ಚಿಕ್ಕವನು ಹರಸುತ್ತಿದ್ದೇನೆ: ನಿನ್ನ ಬೆರಳು ಯಾವತ್ತೂ ನೋಯದಿರಲಿ, ಮಾತು ಯಾವತ್ತೂ ಮುಗಿಯದಿರಲಿ.

ನಿನ್ನ ತಮ್ಮ,
ತುತ್ತೂರಿ

ತಾ.ಕ. ಈಗ ಭಾನುವಾರ ಬೆಳಿಗ್ಗೆ. ನಿನ್ನೆ ಬರೆದು ಅಂಟಿಸದೆ ಇಟ್ಟಿದ್ದೆ. ನಿನ್ನ ನಾದಿನಿ ಎಂದಿನ ಹಾಗೆ ಕ್ಯಾಲೆಂಡರಿನ ಮುಂದೆ ನಿಲ್ಲಿಸಿ, ಇವತ್ತಿನ ತಾರೀಕು ಮುಟ್ಟಿ, "ಇದು ಯಾವ ಬಣ್ಣ?" ಎಂದಳು. "ಕಪ್ಪು. ಕೆಲಸಕ್ಕೆ ಹೋಗಬೇಕು" ಎಂದೆ. "ಬೆಳಿಗ್ಗೆ ಬೆಳಿಗ್ಗೆ ತಮಾಷೆ ಬೇಡ" ಎಂದಳು. ನಾನು ತಮಾಷೆ ಮಾಡುತ್ತಿರಲಿಲ್ಲ ಅಕ್ಕ.

ಮೂಗಿನ ಡಾಕ್ಟರಿಗೆ ಫೋನ್ ಮಾಡಿಯಾಯಿತು, ಈಗಲೇ ಹೊರಡಿ ಎಂದಿದ್ದಾರೆ. ಹಲ್ಲಿನ ಡಾಕ್ಟರು ಕಾರು ತರುತ್ತಿದ್ದಾರೆ. ಈ ಸಲ ನಾನು ಡಬ್ಬಿ ಬದಲಾಯಿಸಲಿಲ್ಲ, ಟ್ಯೂಬ್‌ಲೈಟ್ ಬದಲಾಯಿಸಲಿಲ್ಲ, ಒಂದು ಗಳಿಗೆಯೂ ತಡ ಮಾಡಲಿಲ್ಲ. ಅಷ್ಟನ್ನು ಲೆಕ್ಕಕ್ಕೆ ಹಿಡಿದುಕೋ. ಅಂಕಿ ಇನ್ನೂ ಕಾಣುತ್ತಿದೆ, ಬಣ್ಣ ಮಾತ್ರ ಇಲ್ಲ. ಇದನ್ನು ಬರೆಯುತ್ತಿರುವುದೂ ಕಾಣುತ್ತಿದೆ. ಅವಳು ಬಟ್ಟೆ ತುಂಬುತ್ತಿದ್ದಾಳೆ, ನನಗೆ ಅಷ್ಟು ಹೊತ್ತಿದೆ. ಕಾಗದ ನಿನಗೆ ಮುಟ್ಟುವುದು ತಡವಾದರೆ ಎಂದು ಇದರ ಫೋಟೋ ತೆಗೆದು ಈಗಲೇ ಕಳಿಸುತ್ತಾಳೆ.

ಬರಬೇಡ, ಬರಬೇಡ ಎಂದು ಮೂರು ಕಾಗದದಲ್ಲೂ ಬರೆದೆ. ಸ್ಟೂಲಿನ ಕಾಲು ಗಿಡ್ಡ ಎಂದೆ, ಬಿಸಿಲು ಎಂದೆ. ಅದೆಲ್ಲ ಅಲ್ಲ. ಕರೆಂಟು ಬಂದಾಗ ನಿನ್ನ ಕೈ ಗಾಳಿಯಲ್ಲೇ ಇರುತ್ತಿತ್ತು, ನಾನು ನಗುತ್ತಿದ್ದೆ ಎಂದೆನಲ್ಲ. ಇಷ್ಟು ಹೊತ್ತು ಯಾರೂ ನೋಡುತ್ತಿರಲಿಲ್ಲ ಎಂದು ಗೊತ್ತಾದಾಗ ನಿನ್ನ ಮುಖ ಹೇಗಾಗುತ್ತಿತ್ತು ಎಂಬುದನ್ನು ಬರೆಯಲಿಲ್ಲ. ನೀನು ಬಂದು ನನ್ನ ಎಡಗಡೆ ನಿಂತು ಏನೋ ಹೇಳಿ, ನಾನು ಗೋಡೆಯ ಹಾಗೆ ಕೂತಿದ್ದರೆ, ಆ ಮುಖ ಮತ್ತೆ ಬರುತ್ತದೆ ಎಂದು ಹೆದರಿ ಬರಬೇಡ ಎಂದೆ.

ಈಗ ಬಾ. ಪುಸ್ತಕ ಹಾಗೇ ಬಿಡು, ಸಿಕ್ಕ ಬಸ್ಸು ಹತ್ತು, ನೇರ ಆಸ್ಪತ್ರೆಗೆ ಬಾ. ಬಲಗಡೆ, ಬೆಳಕಿರುವ ಕಡೆ ನಿಲ್ಲು. ಕರೆಂಟು ಹೋಗುವ ಮುಂಚೆ ಬಾ ಅಕ್ಕ. ಬಂದು, ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಎರಡೂ ಕೈಯಲ್ಲಿ ಜಗಳ ಆಡು. ಈ ಸಲ ನಾನು ಪೂರ್ತಿ ನೋಡಿ ಸೋಲುತ್ತೇನೆ.